ಧೂಳಿಗೊಂದು ಪಾರ್ಟ್ ನಂಬರು

ಪೋರ್ಟ್ ಅಡಿಲೇಡಿನ ಗೋದಾಮಿನ ಮೇಲಂತಸ್ತಿನಲ್ಲಿ
ನನ್ನ ಮೇಜು. ಎಡಕ್ಕೆ ಟೆಲೆಕ್ಸು, ಬಲಕ್ಕೆ ಕಿಟಕಿ,
ಕಿಟಕಿಯಾಚೆ ಹಡಗಿನಿಂದಿಳಿದ ಕಾರುಗಳು
ಮೈಗೆಲ್ಲ ಮೇಣ ಹಚ್ಚಿಸಿಕೊಂಡು
ಎಣ್ಣೆಸ್ನಾನಕ್ಕೆ ಕೂತ ಮಕ್ಕಳ ಹಾಗೆ ಸಾಲಾಗಿ.

ನನ್ನ ಕೆಲಸ ದೂರುಗಳಿಗೆ ಅಂಕಿ ಕೊಡುವುದು.
ಸದ್ದು ಬಂದರೆ ಹದಿನೇಳು. ನೀರು ಸೋರಿದರೆ ಇಪ್ಪತ್ತೆರಡು.
ತುಕ್ಕು ಮೂವತ್ತು. ಬಣ್ಣ ಸುಲಿದರೆ ಮೂವತ್ತೊಂದು.
ಜನ ಪುಟಗಟ್ಟಲೆ ಬೈದು ಬರೆದದ್ದನ್ನು
ಎರಡಂಕಿಗೆ ಇಳಿಸಿ ಜಪಾನಿಗೆ ಕಳಿಸಿದರೆ
ಅಲ್ಲಿಂದ ಬಿಡಿಭಾಗ ಬರುತ್ತದೆ, ಇಲ್ಲವೇ ಕ್ಷಮಾಪಣೆ,
ಎರಡನ್ನೂ ಒಂದೇ ಬಗೆಯ ಕಾಗದದಲ್ಲಿ ಸುತ್ತಿ.

ಎಪ್ಪತ್ತೆಂಟರಲ್ಲಿ ಒಂದು ಲಕೋಟೆ ಬಂತು
ಊಡ್ನದತ್ತದಿಂದ.
ಅದು ಊರಿನ ಹೆಸರು. ಮೊದಲ ಸಲ ಕೇಳಿದಾಗ
ಸೋಮದತ್ತನ ತಮ್ಮನಿರಬೇಕು ಅಂದುಕೊಂಡಿದ್ದೆ.
ಬರೆದವಳು ವಿನಿಫ್ರೆಡ್ ಟ್ರೆಗೋವನ್, ಟಪಾಲು ಹಂಚುವಾಕೆ,
ವಾರಕ್ಕೆ ಏಳುನೂರು ಕಿಲೋಮೀಟರು ಮಣ್ಣುದಾರಿ.
ಬೈಗುಳವಿರಲಿಲ್ಲ. ಒಂದೇ ಸಾಲು:
"ಇದು ನಿಮ್ಮದೋ ನಮ್ಮದೋ, ನೋಡಿ ಹೇಳಿ."
ಲಕೋಟೆ ಕೊಡವಿದೆ.
ಕುಂಕುಮಕ್ಕಿಂತ ನುಣುಪು, ಇಟ್ಟಿಗೆಗಿಂತ ಕೆಂಪು.
ಟೆಲೆಕ್ಸಿನ ಅಕ್ಷರಗಳ ಸಂದಿಗೆಲ್ಲ ಇಳಿದು
ಎಸ್ ಬಂದಲ್ಲೆಲ್ಲ ಆ ಯಂತ್ರ ತೊದಲತೊಡಗಿತು.

ಅಂಕಿಗಳ ಪುಸ್ತಕ ತಿರುವಿದೆ. ಧೂಳಿಗೆ ಅಂಕಿಯಿಲ್ಲ.
ಕ್ಲೈವ್ ಪಾಸ್ಕೋ, ನಮ್ಮ ಮ್ಯಾನೇಜರು,
"ನೀರು ಅಂತ ಹಾಕಿಬಿಡು" ಅಂದ.
ಆ ಊರಿಗೆ ನೀರು ಅಂತ
ಯಾವ ಬಾಯಲ್ಲಿ ಹಾಕಲಿ?

ಉಳಿದದ್ದನ್ನು ಬಳಿದು ಹೆಡ್ಡಾಫೀಸಿಗೆ ಕಳಿಸಿದೆ.
ಬಂದರಿನವರು ತಡೆದು, ಕಾಯಿಸಿ, ಸೋಸಿ,
ಆರು ವಾರಕ್ಕೆ ಉತ್ತರ:
"ಮಾದರಿ ತಲುಪಿದೆ. ವಂದನೆಗಳು. ಪಾರ್ಟ್ ನಂಬರು ತಿಳಿಸಿ."

ನಂಬರಿಲ್ಲದ್ದು ಅವರ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ.
ಕ್ಲೈವ್ ನಕ್ಕ, ನಾನೂ ನಕ್ಕೆ, ಆಮೇಲೆ
ನಾಮಕರಣಕ್ಕೆ ಬಂದ ಸೋದರತ್ತೆಯ ಗತ್ತಿನಲ್ಲಿ
ಹನ್ನೊಂದು ಅಂಕಿ ಟೈಪು ಮಾಡಿದೆ.
ಕೊನೆಯ ನಾಲ್ಕು ನನ್ನ ಸೈಕಲ್ಲಿನ ಬೀಗದ್ದು.

ನಂಬರು ಸಿಕ್ಕಿದ್ದೇ ತಡ, ಧೂಳು ಎದ್ದಿತು.
ಅದರ ತೂಕ ಬಂತು. ನಕ್ಷೆ ಬಂತು. ಕಣದ ಅಗಲ ಬಂತು.
ಕಪ್ಪು ರಬ್ಬರಿನ ಸುರುಳಿ ಹೊತ್ತು
ಶಿಗೆಮಾತ್ಸು ಎಂಬ ಎಂಜಿನಿಯರೇ ಬಂದಿಳಿದ,
ಬಿಳೀ ಕೈಗವಸು ತೊಟ್ಟು.

ವಿನಿಫ್ರೆಡ್ಡಳ ಪಕ್ಕ ಅವನು,
ಹಿಂದೆ ಟಪಾಲಿನ ಮೂಟೆಗಳ ನಡುವೆ ನಾನು.
ದಾರಿಯೆಂದರೆ ಒನಕೆಗಳನ್ನು
ಮಗ್ಗುಲಿಗೆ ಮಗ್ಗುಲು ಮಲಗಿಸಿಟ್ಟಂತೆ, ಮುಗಿಯುವುದೇ ಇಲ್ಲ.
ಹಲ್ಲಿಗೆ ಹಲ್ಲೇ ತಾಳ.
ನಿಧಾನ ಹೋಗಿ ಅಂದ ಶಿಗೆಮಾತ್ಸು.
ಆಕೆ ಇನ್ನೂ ಒತ್ತಿದಳು. ಎಂಬತ್ತು ಮುಟ್ಟಿದಾಗ
ಮಕ್ಕಳು ಕೆರೆಯ ಮೇಲೆ ಓಡಿನ ಚೂರು ಬೀಸಿ ಕಪ್ಪೆ ಹಾರಿಸಿದ ಹಾಗೆ
ಗಾಡಿ ಉಬ್ಬಿನಿಂದ ಉಬ್ಬಿಗೆ ಹಾರಿ
ಒಮ್ಮೆಗೇ ಹಗುರ.
"ಇಲ್ಲಿ ಮೆಲ್ಲಗೆ ಹೋದವರೇ ಮುರಿಯೋದು" ಅಂದಳು.
ಅವನು ಅದನ್ನೂ ಬರೆದುಕೊಂಡ.
ಯಾವ ಅಂಕಿಯ ಕೆಳಗೆ ಎಂದು ನಾನು ಕೇಳಲಿಲ್ಲ.

ಸಂಜೆ ಕೈಗವಸು ಕಳಚಿದ. ಬೆರಳೂ ಕೆಂಪು.

ಮರುವರ್ಷದ ಕಾರುಗಳಿಗೆ ಬಾಗಿಲ ಅಂಚಿಗೆ ಎರಡೆರಡು ಸುತ್ತು ರಬ್ಬರು,
ಬಿಗಿಯಾದ ಸ್ಪ್ರಿಂಗು,
ಪುಸ್ತಕದಲ್ಲಿ ಹೊಸ ಅಂಕಿ, ನಲವತ್ತೊಂಬತ್ತು: ಧೂಳು.
ಕ್ಲೈವ್ ಎಲ್ಲರಿಗೂ ಬಿಯರು ಕೊಡಿಸಿದ.

ಜೂನ್ ಚಳಿಗೆ ಇನ್ನೊಂದು ಲಕೋಟೆ.
ಕೊಡವಿದರೆ ಏನೂ ಬೀಳಲಿಲ್ಲ.
"ಈಗ ಒಂದು ಚಿಟಿಕೆಯೂ ಒಳಗೆ ನುಗ್ಗುತ್ತಿಲ್ಲ, ಸಂತೋಷ.
ಆದರೆ ನನ್ನ ಬೂಟಿಗಂಟಿ ಹತ್ತಿದ್ದು
ಹೊರಗೆ ಹೋಗಲು ಸಂದಿಯೇ ಇಲ್ಲದೆ
ಸೀಟು ಹಿಡಿದು ಕೂತುಬಿಟ್ಟಿದೆ.
ಇದಕ್ಕೆ ಯಾವ ಅಂಕಿ?"

ಪುಸ್ತಕ ತೆಗೆದೆ. ಮುಚ್ಚಿದೆ.
ಟೆಲೆಕ್ಸು ಎಸ್ ಬಂದರೆ ಈಗಲೂ ಒಂಚೂರು ಎಡವುತ್ತದೆ.
ರಿಪೇರಿಯವನನ್ನು
ನಾನಿನ್ನೂ ಕರೆದಿಲ್ಲ.