ಖಾಲಿ ಬಲೆ

ಹೆಸರು ಮೊರಿಯಾಮಾ.
ನಾವು ಬೈತಖೋಲದ ಮಕ್ಕಳು, ಮೊದಲ ದಿನವೇ
ಮೋರಿ ಮಾಮ ಮಾಡಿಬಿಟ್ಟೆವು.
ಅವನ ಭಾಷೆಯಲ್ಲಿ ಅದು ಕಾಡು, ಬೆಟ್ಟವಂತೆ.
ನಗು ನಿಲ್ಲುವ ತನಕ ಕಾದು
ಮೈದಾನದ ಪೂರ್ವಕ್ಕಿದ್ದ ಗುಡ್ಡ ತೋರಿಸಿದ:
‘ಬ್ಯಾಕ್ ಅಂದ್ರೆ ಅದು. ಜಾಗ ಬಿಡಲ್ಲ.’

ಹದಿನಾಲ್ಕು ವರ್ಷದ ಆಟ,
ಕೊನೆಯ ಎರಡು ಗೋವೆಯ ಕ್ಲಬ್ಬಿಗೆ.
ಹೊಡೆದ ಗೋಲು ಎರಡೇ,
ಅದರಲ್ಲೊಂದು ತನ್ನವರದೇ ಕಂಬದೊಳಗೆ.
ಆ ಒಂದನ್ನೇ ದಿನಾ ಹೇಳುತ್ತಿದ್ದ,
ಮರಳಲ್ಲಿ ನಮ್ಮ ಚಪ್ಪಲಿ ಜೋಡಿಸಿ:
ಇವನಿಲ್ಲಿ, ಕೀಪರ್ ಅಲ್ಲಿ, ನಾನು ಈ ಹರಿದ ಹವಾಯಿ.
‘ಕೂಗಬೇಕಿತ್ತು. ಕೂಗಲಿಲ್ಲ.’

‘ಸುಲಭಾ, ಚೆಂಡು ನೋಡಬೇಡ, ಸೊಂಟ ನೋಡು.
ಕಾಲು ಸುಳ್ಳು ಹೇಳುತ್ತೆ.’

ಗೋಲಿಗೆ ಕಟ್ಟಿದ್ದು ನಮ್ಮಪ್ಪನ ಹಳೆಯ ರಂಪಣಿಯ ತುಂಡು.
ಬಲೆ ಬರಿದೇ ಬಂದ ದಿನ ನಮ್ಮ ಮನೆಯಲ್ಲಿ
ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.
ಇಲ್ಲಿ ಬರಿದಾದ ಬಲೆಗೆ ಮಾಮ ಚಪ್ಪಾಳೆ ತಟ್ಟುತ್ತಾನೆ.
ಇದನ್ನು ಅಪ್ಪನಿಗೆ ತಿಳಿಸಿ ಹೇಳಲು
ನನಗೆ ಮೂರು ಮಳೆಗಾಲ ಬೇಕಾಯಿತು.

ಅಂಕೋಲೆಯವರ ಜೊತೆ ಪಂದ್ಯ.
ಕೊನೆಯ ನಿಮಿಷದ ಚೆಂಡು ನನ್ನ ಎದೆಗೆ ಬಡಿದು ಹೊರಗೆ ಹೋಯಿತು.
ಪೇಪರಿನಲ್ಲಿ ಗೋಲು ಹೊಡೆದವಳ ಫೋಟೋ.

ಅಪ್ಪ ಬಂದಿದ್ದ, ಕೈಯಲ್ಲಿನ್ನೂ ಬಂಗಡೆ ವಾಸನೆ.
ನೇರ ಬಲೆಯ ಹತ್ತಿರ ಹೋಗಿ
ರೂಢಿಯಂತೆ ಒಂದೊಂದೇ ಕಣ್ಣು ತಡವಿ ನೋಡಿದ.
‘ಒಂದೂ ಬೀಳಲಿಲ್ಲ,’ ಎಂದ.

ಮಾಮನಿಗೆ ಕನ್ನಡ ಅಷ್ಟಕ್ಕಷ್ಟೆ.
ಅಷ್ಟು ಸಾಕಾಗಿತ್ತು:
ಸೊಂಟ ಬಗ್ಗಿಸಿ ಅಪ್ಪನಿಗೆ ನಮಸ್ಕರಿಸಿದ.
ಅಪ್ಪ ಗಾಬರಿಯಾಗಿ
ತಾನೂ ಬಗ್ಗಿದ.