ಹುಳು ಹುಡುಕುವ ಮೇಜು

ಪೆಟ್ಟಿಗೆ ಅಂಚೆಯಲ್ಲಿ ಬಂತು, ಬ್ರೆಡ್ಡಿನ ತಟ್ಟೆಯಷ್ಟಗಲ.
ಜೊತೆಗೊಂದು ಹಾಳೆ: ಎದ್ದ ಅರ್ಧ ಗಂಟೆಯೊಳಗೆ ಹಚ್ಚಬೇಕು,
ಮೊಳದಷ್ಟು ದೂರ ಕೂರಬೇಕು,
ದೀಪವನ್ನೇ ದಿಟ್ಟಿಸಬಾರದು, ಕಣ್ಣು ಮುಚ್ಚಲೂಬಾರದು.
ಮೂವತ್ತು ನಿಮಿಷ. ನಾಲ್ಕು ವಾರ.
ಆಂಬ್ರೋಸ್ ಓದಿ ನಕ್ಕ: "ಇಗರ್ಜಿಯಲ್ಲೂ ನೀನು ಇಷ್ಟು ಹೊತ್ತು
ಸುಮ್ಮನೆ ಕೂತವಳಲ್ಲ, ಡಲ್ಸಿ."

ಗಡ್ಡೆ ಹೋಗಿ ಮೂರು ವರ್ಷ.
ಕೂದಲು ಬಂದಿದೆ, ಹಿಂದಿಗಿಂತ ಗುಂಗುರಾಗಿ.
ರಕ್ತದ ಚೀಟಿ ನೋಡಿ ಡಾಕ್ಟರು ತಲೆದೂಗುತ್ತಾರೆ,
ಎಲ್ಲ ಚೊಕ್ಕ.
ಊರವರು ಕೇಕು ತಂದರು, ಬೆನ್ನು ತಟ್ಟಿದರು,
ತಮ್ಮ ತಮ್ಮ ದೋಣಿಗೆ ಮರಳಿದರು.
ಅದಾದ ಮೇಲೂ ದಣಿವು ಎಂದರೆ
ಉಂಡ ಮನೆಯ ಗಳ ಎಣಿಸಿದ ಹಾಗೆ.

ನಿದ್ದೆಗೆಟ್ಟ ದಣಿವಲ್ಲ ಇದು.
ಕಡಲಲ್ಲಿ ಮೀನು ಮುಗಿದು ಬೀಗ ಬೀಳುವ ತನಕ
ಕಾರ್ಖಾನೆಯಲ್ಲಿ ನಿಂತೇ ದುಡಿದವಳು ನಾನು,
ಆ ದಣಿವು ಗೊತ್ತು.
ಅದಕ್ಕೆ ಬಿಸಿನೀರಿತ್ತು, ಹಾಸಿಗೆಯಿತ್ತು, ಶನಿವಾರವಿತ್ತು.
ಇದು ನಿದ್ದೆಯಿಂದ ಏಳುವಾಗಲೇ ನನಗಿಂತ ಮೊದಲು ಎದ್ದಿರುತ್ತದೆ,
ಮೈಯೊಳಗೆ ಒದ್ದೆ ಉಣ್ಣೆ ತುರುಕಿದ ಹಾಗೆ.
ಮೆಟ್ಟಿಲು ಹದಿಮೂರು; ಏಳನೆಯದರಲ್ಲಿ ಕೂರುತ್ತೇನೆ.
ಅಲ್ಲಿಂದ ಕಾಣುವ ಗೋಡೆಯ ಕಲೆ
ಈಗ ನನ್ನ ನೆಂಟ.

ಮೊದಲ ಬೆಳಗ್ಗೆ ಗುಂಡಿ ಒತ್ತಿದೆ.
ಫಾರ್ಚೂನ್ ಕೊಲ್ಲಿಯ ಮೇಲೆ ಮಂಜು, ಕಿಟಕಿಗೆ ಬೂದಿ ಬಳಿದಂತೆ.
ಒಳಗೆ ಅಡುಗೆಮನೆಯೆಲ್ಲ ಹಾಲುಬಿಳಿ.
ಥಟ್ಟನೆ ಗುರುತಾಯಿತು ಆ ಬೆಳಕು.

ಇದೇ ಬೆಳಕಿನ ಗಾಜಿನ ಮೇಜಿನ ಮುಂದೆ
ಪಾಳಿ ಪಾಳಿ ನಿಂತಿದ್ದೆ.
ಕಾಡ್ ಮೀನಿನ ಸೀಳು ಹರಡಿದರೆ
ಬೆಳಕು ಕೆಳಗಿಂದ ಮಾಂಸವನ್ನು ಹಾದು ಬರುತ್ತಿತ್ತು.
ಒಳಗೆ ಸುರುಳಿ ಸುತ್ತಿದ ಹುಳು
ಕಂದು ದಾರದ ತುಂಡು.
ಚಾಕುವಿನ ತುದಿ, ಒಂದೇ ಎತ್ತು, ಮುಂದಿನದು.
ನನ್ನ ಕಣ್ಣು ತಪ್ಪಿಸಿದ ಹುಳು
ಬಾಸ್ಟನ್ನಿನ ಯಾವ ತಟ್ಟೆಯನ್ನೂ ಸೇರಲಿಲ್ಲ ಎನ್ನುತ್ತಿದ್ದ ಮೇಸ್ತ್ರಿ.

ಈಗ ಸೀಳು ನಾನೇ.
ನೋಡು ದೀಪವೇ, ಸರಿಯಾಗಿ ನೋಡು,
ಡಾಕ್ಟರ ಚೀಟಿಗೆ ಕಾಣದ್ದು ನಿನಗೆ ಕಂಡರೆ ಹೇಳು,
ಚಾಕು ನಾನು ತರುತ್ತೇನೆ.
ದೀಪ ಏನೂ ಹೇಳಲಿಲ್ಲ. ಗಂಜಿ ತಣ್ಣಗಾಯಿತು.

ಮೇಲಿನ ರಸ್ತೆಯ ಲಿಯಾಂಡರ್‌ಗೂ ಒಂದು ಪೆಟ್ಟಿಗೆ.
ಅವನದು ಮಂದ, ಕೆಂಪು, ಕೋಳಿಮರಿಗೆ ಇಡುವ ದೀಪದಂತೆ.
ಎರಡರಲ್ಲಿ ಯಾವುದು ಮದ್ದು, ಯಾವುದು ಬರಿ ದೀಪ
ಎಂದು ಯಾರೂ ಹೇಳಿಲ್ಲ; ಪ್ರಯೋಗವೆಂದರೆ ಹಾಗಂತೆ.
"ನಿನ್ನದೇ ಸುಳ್ಳು" ಎಂದೆ.
"ಸುಳ್ಳಾದರೇನು, ಎರಡು ವರ್ಷದ ಮೇಲೆ
ನಿನ್ನೆ ದೋಣಿಗೆ ಬಣ್ಣ ಬಳಿದೆ."
"ಎಷ್ಟು?"
"ಒಂದು ಹಲಗೆ."
ನಕ್ಕೆವು. ನಗಲಿಕ್ಕೂ ಬೇಲಿ ಹಿಡಿದುಕೊಳ್ಳಬೇಕಾಯಿತು.

ಶುಕ್ರವಾರ ಶುಕ್ರವಾರ ಸೇಂಟ್ ಜಾನ್ಸ್‌ನಿಂದ ಫೋನು,
ತೆಳುದನಿಯ ಹುಡುಗಿ:
"ಸೊನ್ನೆಯಿಂದ ಹತ್ತರಲ್ಲಿ ದಣಿವು ಎಷ್ಟು?"
ಎಂಟು.
ಎಂಟು.
ಏಳೂವರೆ.
"ಅರ್ಧ ಹೇಳುವ ಹಾಗಿಲ್ಲ, ಮಿಸೆಸ್ ಪಾರ್ಡಿ."
ಹಾಗಾದರೆ ಎಂಟೇ ಬರೆದುಕೋ ಮಗಳೇ,
ಆ ಅರ್ಧ ನನ್ನ ಹತ್ತಿರ ಇರಲಿ.

ಮೂರನೆಯ ವಾರವೇ ಇರಬೇಕು, ಬುಧವಾರವೋ ಗುರುವಾರವೋ,
ಒಗೆದ ಬಟ್ಟೆಯ ಬುಟ್ಟಿ ಹೊರಗೆ ಒಯ್ದೆ.
ಹಗ್ಗಕ್ಕೆ ಆಂಬ್ರೋಸನ ಅಂಗಿ, ಇನ್ನೊಂದು ಅಂಗಿ,
ದಿಂಬಿನ ಚೀಲ, ಒಂಟಿ ಉಳಿದ ಕಾಲುಚೀಲ.
ಕೊನೆಯ ಕ್ಲಿಪ್ಪು ಸಿಕ್ಕಿಸಿ ತಿರುಗಿದಾಗಲೇ ತಿಳಿದದ್ದು
ನಡುವೆ ಕೂತಿರಲಿಲ್ಲ ನಾನು.
ಕೂರಲೆಂದು ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ
ಕಡಲಹಕ್ಕಿಯೊಂದು ಕೂತು
ಇದು ತನ್ನದೇ ಎಂಬಂತೆ ನನ್ನನ್ನು ನೋಡುತ್ತಿತ್ತು.

ದೀಪದಿಂದಲೋ, ಜೂನ್ ತಿಂಗಳಿಂದಲೋ,
ಶುಕ್ರವಾರದ ಆ ಹುಡುಗಿ ಕೇಳಿದ್ದರಿಂದಲೋ.
ಪೆಟ್ಟಿಗೆ ಹಿಂದಿರುಗಿಸುವ ದಿನ
ಕಾಗದ ಸುತ್ತಿ, ದಾರ ಬಿಗಿದು, ಅಂಚೆ ಕಚೇರಿಗೆ ನಾನೇ ಒಯ್ದೆ.
"ಒಡೆಯುವ ವಸ್ತುವೇ?" ಎಂದಳು ಹಿಲ್ಡ್ರೆಡ್.
ಗೊತ್ತಿಲ್ಲ, ಇಲ್ಲಿಯ ತನಕ ಒಡೆದಿಲ್ಲ ಎಂದೆ.

ಮನೆಗೆ ಬರುವಾಗ ಏರಿನಲ್ಲಿ ಮೂರು ಕಡೆ ನಿಂತೆ.
ಯಾವಾಗಲೂ ನಿಲ್ಲುವ ನಾಲ್ಕನೆಯ ಜಾಗ
ನೆನಪಾದದ್ದು
ಬಾಗಿಲ ಚಿಲಕ ತೆಗೆಯುವಾಗ.