ಹೆಸರಿನ ಮುಂದಿನ ಚುಕ್ಕಿ

ಕ್ಲಾಕ್ಸ್‌ವೀಕ್ ಬಂದರಿನ ದಾಖಲೆ ಕಚೇರಿ.
ಹೊರಗೆ ಮಧ್ಯಾಹ್ನ ಮೂರಕ್ಕೇ ಕತ್ತಲು,
ಒಳಗೆ ಪರದೆಯೂ ಕಪ್ಪು;
ಅದರಲ್ಲಿ ಮಿಣುಕುವುದು ಒಂದೇ ಕರ್ಸರ್,
ಆಚೆ ದಡದ ಕುನೋಯ್ ದ್ವೀಪದ ಒಂಟಿ ದೀಪದ ಹಾಗೆ.

ಟೈಟುರ್ ಹೊಸಬ. ಬಂದ ಮೊದಲ ವಾರವೇ
ಹಳೇ ಹತಾರಗಳ ಪಕ್ಕ ಹೊಸವನ್ನು ತಂದು ಜೋಡಿಸಿದ:
ಎಲ್‌ಎಸ್ ಪಕ್ಕ ಎಝಾ,
ಫೈಂಡ್ ಪಕ್ಕ ಎಫ್‌ಡಿ, ಹೆಸರಲ್ಲೇ ಅರ್ಧ ಉಳಿತಾಯ,
ಕ್ಯಾಟ್ ಇದ್ದಲ್ಲಿ ಬ್ಯಾಟ್,
ಅಂದರೆ ಬೆಕ್ಕು ಕೂತ ಜಾಗದಲ್ಲಿ ಬಾವಲಿ.
ರನ್ವಾ ಕನ್ನಡಕ ಏರಿಸಿ ನೋಡಿದಳು.
"ಇಷ್ಟೊಂದು ಬಣ್ಣ ಯಾಕೆ?
ಕಡತ ಓದಬೇಕೋ, ಮದುವೆಗೆ ಹೋಗಬೇಕೋ?"
"ಸಾಲಿಗೆ ಸಂಖ್ಯೆ ಹಾಕುತ್ತೆ," ಅಂದ.
"ಎಣಿಸೋಕೆ ನನಗೂ ಬರುತ್ತೆ," ಅಂದಳು.
ಆದರೂ ಅವನಿಲ್ಲದಾಗ ಒಮ್ಮೆ
ತೊಂಬತ್ತೊಂದರ ಹೆರಿಂಗ್ ಪಟ್ಟಿಯನ್ನು
ಬಣ್ಣದಲ್ಲಿ ತೆರೆದು ನೋಡಿದ್ದುಂಟು.

ಅವತ್ತು ಬಂದವಳು ಮಾಲನ್.
ಉಣ್ಣೆ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತು
ಹೇಳಿದ್ದಿಷ್ಟು: ಎಪ್ಪತ್ತೈದರ ಬೇಸಿಗೆ, ಸ್ವಾರ್ಟ್‌ಬಾಕುರ್ ದೋಣಿ,
ಹದಿನಾಲ್ಕು ಗಂಡಸರಿಗೆ ತಾನೊಬ್ಬಳೇ ಅಡುಗೆ.
ಪಿಂಚಣಿಯವರು ಕೇಳುತ್ತಾರೆ, ಪುರಾವೆ ಎಲ್ಲಿ?
"ಸುಟ್ಟ ಕಲೆ ಇದೆ," ಮೊಣಕೈ ತೋರಿಸಿದಳು,
"ಅವರಿಗೆ ಕಾಗದ ಬೇಕಂತೆ."

ಟೈಟುರ್ ರಿಪ್‌ಗ್ರೆಪ್‌ಗೆ ದೋಣಿಯ ಹೆಸರು ಕೊಟ್ಟ.
ಕಣ್ಣೆವೆ ಬಡಿಯುವಷ್ಟರಲ್ಲಿ
ಐವತ್ತು ವರ್ಷದ ಕಡತಗಳನ್ನು ಸುತ್ತಿ ಬಂದು
ಅದು ಬರಿಗೈ ತೋರಿಸಿತು.
ಏನೂ ಬರೆಯಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ.
ಒಂದು ಸಾಲು ಕೆಳಗಿಳಿದು ಕರ್ಸರ್ ಮತ್ತೆ ಮಿಣುಕಿತು.
"ಇಲ್ಲ," ಅಂದವನು ಟೈಟುರ್.

ಬೇಗ ಬಂದ ಇಲ್ಲಕ್ಕೆ ಒಂದು ಗುಣವಿದೆ:
ಅದು ನಿಜದ ಹಾಗೇ ಕೇಳಿಸುತ್ತದೆ.

ರನ್ವಾ ಕುರ್ಚಿ ಎಳೆದು ಕೂತು
ಗ್ರೆಪ್ ಒತ್ತಿದಳು, ಬೆರಳಿಗೆ ಬಾಯಿಪಾಠವಾದ ನಾಲ್ಕು ಕೀಲಿ.
ಅದು ಹೊರಟಿತು,
ಬಾಗಿಲು ಬಾಗಿಲು ತಟ್ಟುವ ಹಳೇ ಅಂಚೆಯವನ ಹಾಗೆ,
ಜನವಿಲ್ಲದ ಮನೆಯನ್ನೂ ಬಿಡದೆ.
ಒಂದು ನಿಮಿಷ. ಎರಡು. ಕಾಫಿ ಆರಿತು.
ಮಾಲನ್ ಕಿಟಕಿಗೆ ಹಣೆ ಹಚ್ಚಿ
ಕಟ್ಟಿದ ದೋಣಿಗಳನ್ನು ಎಣಿಸಿದಳು. ಅವಳದ್ದು ಅಲ್ಲಿರಲಿಲ್ಲ,
ಎಂದೋ ಗುಜರಿಗೆ ಹೋಗಿತ್ತು.

ನಾಲ್ಕನೇ ನಿಮಿಷಕ್ಕೆ ಒಂದು ಸಾಲು ಬಿತ್ತು.
ಗಾಮಲ್ಟ್ ಎಂಬ ಕೋಶದಿಂದ. ಹಳೆಯದು, ಎಂದರ್ಥ.
ಹೆಸರಿನ ಮುಂದೆ ಒಂದು ಚುಕ್ಕಿ.
ಚುಕ್ಕಿಯಿಟ್ಟದ್ದು ಅಡಗುತ್ತದೆ, ಈ ಲೋಕದ ನಿಯಮ ಅದು;
ಹೊಸ ಹತಾರ ಮರ್ಯಾದಸ್ಥ, ಮುಚ್ಚಿದ ಬಾಗಿಲು ತಳ್ಳುವುದಿಲ್ಲ.

"ಯಾರಿಟ್ಟದ್ದು ಚುಕ್ಕಿ?"
ರನ್ವಾ ಸುಮ್ಮನಿದ್ದಳು. ಆಮೇಲೆ, "ನಾನೇ."
ತೊಂಬತ್ತೆಂಟರಲ್ಲಿ ಹೊಸ ಮೇಲಧಿಕಾರಿ ಬಂದು
ಹಳತೆಲ್ಲ ಅಳಿಸಿ ಅಂದಿದ್ದ.
ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗೆ
ಇಟ್ಟಿದ್ದಳು, ಅವನ ಕಣ್ಣು ಬೀಳದಿರಲೆಂದು.
ಬೀಳಲಿಲ್ಲ.
ಇಷ್ಟು ವರ್ಷ ಅವಳ ಕಣ್ಣೂ ಬೀಳಲಿಲ್ಲ.

ಟೈಟುರ್ ಕೆಂಪಾದ. ಕೈಪಿಡಿ ಬಿಚ್ಚಿ
"ಇದಕ್ಕೂ ಬರುತ್ತೆ, ಯು ಅಂತ ಮೂರು ಸಲ ಒತ್ತಬೇಕು."
ಒತ್ತಿದ. ಅರೆಕ್ಷಣ. ಅದೇ ಸಾಲು.
"ಮೂರು ಸಲ ಕರೆದರೇ ಓಗೊಡೋದು," ರನ್ವಾ ನಕ್ಕಳು,
"ನನ್ನ ಮಗನ ಹಾಗೆ."
ಆ ಮೂರಕ್ಷರವನ್ನು ಚೀಟಿಯಲ್ಲಿ ಬರೆದು
ಪರದೆಯ ಅಂಚಿಗೆ ಅಂಟಿಸಿಕೊಂಡಳು.

ಇವಕ್ಕೆಲ್ಲ ಎಷ್ಟು ಕೊಡಬೇಕು, ಮಾಲನ್ ಕೇಳಿದಳು.
ಏನೂ ಇಲ್ಲ, ಅಂದ ಟೈಟುರ್; ಯಾರೋ ಬರೆದು ಬಿಟ್ಟದ್ದು,
ಬಿಚ್ಚಿ ನೋಡಬಹುದು, ರಿಪೇರಿ ಮಾಡಬಹುದು.
ಈ ಎಝಾ ಮೊದಲು ಎಕ್ಸಾ ಆಗಿತ್ತು;
ನೋಡಿಕೊಳ್ಳುವವರು ಸುಮ್ಮನಾದಾಗ ಬೇರೆಯವರು
ಒಂದಕ್ಷರ ಬದಲಿಸಿ ನಡೆಸಿಕೊಂಡು ಹೋದರು.
"ದೋಣಿಗೂ ಹಾಗೇ," ಅಂದಳು ಅವಳು,
"ಬಣ್ಣ ಬಳಿದು ಹೆಸರು ಬದಲಿಸುತ್ತಾರೆ.
ಒಲೆ ಮಾತ್ರ ಅದೇ ಇರುತ್ತೆ."

ಅಚ್ಚಿಗೆ ಬಣ್ಣ ಬೇಡ, ಸಂಖ್ಯೆ ಬೇಡ.
ಕ್ಯಾಟ್ ಸಾಕಾಯಿತು.
ಕಾಗದ ಬೆಚ್ಚಗೆ ಹೊರಬಂತು:
ಅಡುಗೆ, ಮಾಲನ್, ವಯಸ್ಸು ೧೭, ಜೂನ್ ೨ರಿಂದ.

ಓದಿ, ತಲೆಯೆತ್ತದೆ ಹೇಳಿದಳು,
"ಹದಿನಾರು. ಸುಳ್ಳು ಹೇಳಿ ಹತ್ತಿದ್ದೆ."

ಮೂವರೂ ಆ ಸಾಲನ್ನೇ ನೋಡಿದರು.
ತಿದ್ದುವ ಹತಾರವೂ ಅಲ್ಲೇ ಇತ್ತು,
ಹಳೆಯದೊಂದು, ಹೊಸದೊಂದು.
ಯಾರೂ ಮುಟ್ಟಲಿಲ್ಲ.